ಜರ್ಮನಿಯಲ್ಲಿ ಇಂಟರ್ನ್‌ಶಿಪ್: ಮೊದಲ ತಿಂಗಳ ಆಯವ್ಯಯ

ಮ್ಯೂನಿಕ್ಕಿಗೋ ಬರ್ಲಿನ್ನಿಗೋ ಇಂಟರ್ನ್‌ಶಿಪ್ ನಿಮಿತ್ತ ಹೊರಟಿರುವ ವಿದ್ಯಾರ್ಥಿಯು ತನಗೆ ದೊರೆಯಲಿರುವ ಮಾಸಿಕ ವೇತನವನ್ನು ರೂಪಾಯಿಗೆ ಪರಿವರ್ತಿಸಿ ಹರ್ಷಪಡುವುದು ಸಹಜವೇ ಆದರೂ, ಆ ವೇತನ ಕೈಸೇರುವುದು ಸಾಮಾನ್ಯವಾಗಿ ತಿಂಗಳ ಅಂತ್ಯದಲ್ಲೆಂಬುದನ್ನೂ, ವ್ಯಯವಾದರೋ ವಿಮಾನದಿಂದ ಇಳಿದಂದೇ ಆರಂಭವಾಗುವುದೆಂಬುದನ್ನೂ ಮೊದಲು ಮನಗಾಣತಕ್ಕದ್ದು.

ಎಲ್ಲಕ್ಕಿಂತ ಗುರುತರವಾದುದು ವಸತಿ. ಜಾಹೀರಾತಿನಲ್ಲಿ ‘ಕಾಲ್ಟ್‌ಮೀಟೆ’ ಎಂದು ಕಾಣುವ ಮೊತ್ತವು ಬರಿಯ ಬಾಡಿಗೆ; ಕೋಣೆ ಬೆಚ್ಚಗಿಡುವ ವೆಚ್ಚ, ನೀರು, ಕಸವಿಲೇವಾರಿಗಳೆಲ್ಲ ಕೂಡಿದ ‘ವಾರ್ಮ್‌ಮೀಟೆ’ಯನ್ನೇ ಲೆಕ್ಕಕ್ಕೆ ಹಿಡಿಯಬೇಕು, ವಿದ್ಯುತ್ತು ಹಲವೆಡೆ ಅದಕ್ಕೂ ಹೊರತು. ಇದರ ಮೇಲೆ ಮೂರು ತಿಂಗಳ ಬರಿಯ ಬಾಡಿಗೆಯಷ್ಟು ಠೇವಣಿಯನ್ನು ಕೇಳಲು ಮನೆಯೊಡೆಯನಿಗೆ ಅಧಿಕಾರವುಂಟಾದರೂ, ಅದನ್ನು ಮೂರು ಸಮ ಕಂತುಗಳಲ್ಲಿ ಸಲ್ಲಿಸುವ ಹಕ್ಕನ್ನು ಅಲ್ಲಿಯ ಕಾನೂನು ಬಾಡಿಗೆದಾರನಿಗೆ ಕೊಟ್ಟಿದೆ. ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ತೆತ್ತವರಿಗೆ ಇದು ಔದಾರ್ಯವೆಂದೇ ತೋರೀತು! ಕರಾರುಪತ್ರ ಕೈಸೇರುವ ಮುನ್ನವೇ ಹಣ ಕಳುಹಿಸೆಂದು ಅವಸರಪಡಿಸುವವರಿಂದ ಮಾತ್ರ ದೂರವಿರುವುದು ಲೇಸು.

ಟೆಲಿವಿಷನ್ ಇರಲಿ ಬಿಡಲಿ, ಮನೆಯೊಂದಕ್ಕೆ ತಿಂಗಳಿಗೆ 18.36 ಯೂರೋಗಳ ಪ್ರಸಾರಶುಲ್ಕವುಂಟು. ಸಹವಾಸಿಗಳು ಹಂಚಿಕೊಂಡರೆ ಭಾರ ಹಗುರ.

ಊಟದ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ: ಆಲ್ಡಿ, ಲಿಡ್ಲ್‌ನಂತಹ ಅಗ್ಗದ ಅಂಗಡಿಗಳಲ್ಲಿ ಅಕ್ಕಿಬೇಳೆ ಕೊಂಡು ಸ್ವಪಾಕ ಮಾಡಿಕೊಳ್ಳುವವನು ಬಹಳ ಉಳಿಸಬಲ್ಲನು, ಭಾನುವಾರ ಅಂಗಡಿಗಳು ಮುಚ್ಚಿರುವುದರಿಂದ ಶನಿವಾರವೇ ಖರೀದಿ ಮುಗಿಸತಕ್ಕದ್ದು.

ಸಂಚಾರಕ್ಕೆ, 2023ರಲ್ಲಿ 49 ಯೂರೋಗಳಿಗೆ ಆರಂಭವಾಗಿ 2026ರಲ್ಲಿ 63ಕ್ಕೇರಿದ ಡಾಯಿಚ್‌ಲಾಂಡ್ ಟಿಕೆಟ್ಟೆಂಬ ಮಾಸಿಕ ಚಂದಾ ಪಾಸು ನಗರದ ಬಸ್ಸು, ಟ್ರಾಮುಗಳಿಗೂ ಪ್ರಾದೇಶಿಕ ರೈಲುಗಳಿಗೂ ಸಲ್ಲುವುದು. ಅತಿವೇಗದ ರೈಲುಗಳಿಗೆ ಸಲ್ಲದು. ಊರಿಗೆ ಮರಳುವ ತಿಂಗಳ 10ನೆಯ ತಾರೀಖಿನೊಳಗೆ ಅದನ್ನು ರದ್ದುಪಡಿಸದಿದ್ದಲ್ಲಿ, ಮುಂದಿನ ತಿಂಗಳ ಹಣವೂ ಖಾತೆಯಿಂದ ಕಳೆದುಹೋಗುವುದು.