ಮೂಗಿನ ಮೇಲಿನ ಹಸಿರು ಗೆರೆ

ಸಂಜೆ ಬಿಸಿಲು ಓರೆಯಾದಾಗ ಮಾಗಡಿ ಸೀಮೆಯ ಸಾವನದುರ್ಗವನ್ನು ನೋಡಬೇಕು. ಬಿಸಿಲು ಬಿದ್ದ ಮಗ್ಗುಲು ಅರಿಸಿನ ಬಳಿದಂತೆ ಹೊಳೆಯುತ್ತಿದ್ದರೆ, ನೆರಳಿನ ಮಗ್ಗುಲು ನೀಲಿಗೆ ತಿರುಗಿರುತ್ತದೆ. ಎರಡೂ ಕಡೆ ಅದೇ ಕಲ್ಲು. ನೆರಳಿಗೆ ನೇರ ಬಿಸಿಲು ತಾಗದು. ಗಾಳಿಯಲ್ಲಿ ಚದುರಿದ ನೀಲಿ ಬೆಳಕು ಆಕಾಶದಿಂದ ಅಲ್ಲಿಗೆ ಇಳಿಯುತ್ತದೆ. ನೆರಳಿಗೂ ಬಣ್ಣವಿದೆ ಎಂಬುದನ್ನು ಫ್ರಾನ್ಸಿನ ಚಿತ್ರಕಾರರು 19ನೇ ಶತಮಾನದಲ್ಲೇ ಕ್ಯಾನ್ವಾಸಿಗೆ ತಂದಿದ್ದರು.

1905ರಲ್ಲಿ ಚಿತ್ರಕಾರ ಆನ್ರಿ ಮಾತಿಸ್ ಇನ್ನೂ ಮುಂದೆ ಹೋದ. ಹೆಂಡತಿ ಅಮೆಲಿಯ ಒಂದು ಕೆನ್ನೆಗೆ ಹಳದಿ, ಇನ್ನೊಂದಕ್ಕೆ ಗುಲಾಬಿ ಹಚ್ಚಿ, ನಡುವೆ ಹಣೆಯಿಂದ ಮೂಗಿನುದ್ದಕ್ಕೂ ದಪ್ಪ ಹಸಿರು ಗೆರೆ ಎಳೆದ. ಮೊಳದುದ್ದವೂ ಇಲ್ಲದ ಆ ಚಿತ್ರ ಈಗ ಕೋಪನ್‌ಹೇಗನ್ನಿನಲ್ಲಿದೆ. ಅದೇ ವರ್ಷ ಪ್ಯಾರಿಸ್ಸಿನ ಪ್ರದರ್ಶನದಲ್ಲಿ ಇಂಥ ಬಣ್ಣಗಳನ್ನು ಕಂಡು ವಿಮರ್ಶಕ ಲೂಯಿ ವೋಸೆಲ್ ಆಡಿದ ‘ಕಾಡುಮೃಗಗಳು’ ಎಂಬ ಮಾತೇ ಅವನ್ನು ಬಳಸಿದವರ ಪಂಥಕ್ಕೆ ಹೆಸರಾಯಿತು.

ಯಾರ ಮೂಗೂ ಹಸಿರಲ್ಲ. ಆದರೂ ಅದು ಮುಖವೆಂದೇ ಕಾಣುವುದು ಹೇಗೆ?

ಚನ್ನಪಟ್ಟಣದ ಬೊಂಬೆಯೊಂದನ್ನು ಎದುರಿಗಿಟ್ಟು ಫೋನಿನಲ್ಲಿ ಕಪ್ಪು-ಬಿಳುಪು ಫೋಟೊ ತೆಗೆಯಿರಿ. ಅರಗಿನ ಕೆಂಪೂ ಹಸಿರೂ ಎಷ್ಟೋ ಸಲ ಒಂದೇ ಬೂದಿಬಣ್ಣವಾಗಿಬಿಡುತ್ತವೆ. ಹಳದಿ ಮಾತ್ರ ಬಿಳಿಯ ಹತ್ತಿರ ನಿಲ್ಲುತ್ತದೆ. ಬಣ್ಣ ಒಂದು, ಅದರ ಬೆಳಕಿನ ಮಟ್ಟ ಇನ್ನೊಂದು. ಮಿದುಳು ಇವೆರಡನ್ನೂ ಬಹುಮಟ್ಟಿಗೆ ಬೇರೆ ಬೇರೆ ದಾರಿಯಲ್ಲಿ ಸಾಗಿಸುತ್ತದೆ. ಮೂಗಿನ ಉಬ್ಬು, ಕಣ್ಣಿನ ಗುಳಿ, ಕೆನ್ನೆಯ ದುಂಡು ನಮಗೆ ತಿಳಿಯುವುದು ಮುಖ್ಯವಾಗಿ ಬೆಳಕು-ಕತ್ತಲೆಯ ಲೆಕ್ಕದಿಂದ. ಆ ಲೆಕ್ಕ ಸರಿಯಿದ್ದರೆ ಬಣ್ಣ ಯಾವುದಿದ್ದರೂ ಮುಖ ಮುಖವೇ. ಹಾರ್ವರ್ಡಿನ ನರವಿಜ್ಞಾನಿ ಮಾರ್ಗರೆಟ್ ಲಿವಿಂಗ್‌ಸ್ಟನ್ ಮಾತಿಸ್‌ನ ಮುಖಗಳನ್ನು ಹೀಗೆಯೇ ವಿವರಿಸುತ್ತಾರೆ. ಹಸಿರು ಗೆರೆ ಬೆಳಗಿದ ಕೆನ್ನೆಗೂ ಮಬ್ಬು ಕೆನ್ನೆಗೂ ನಡುವೆ ನೆರಳಿನ ಅಂಚಾಗಿ ಕೂತಿದೆ. ಅದನ್ನು ಹುಚ್ಚಾಟವೆಂದವರು ಅದರ ಹಿಂದಿನ ಶಿಸ್ತನ್ನು ಗಮನಿಸಲಿಲ್ಲ ಎಂದೇ ನನ್ನ ನಂಬಿಕೆ. ಆಕಾರದ ಹೊಣೆಯನ್ನು ಬೆಳಕಿನ ಮಟ್ಟ ಹೊತ್ತುಕೊಂಡಿದ್ದರಿಂದಲೇ ಬಣ್ಣಕ್ಕೆ ಭಾವವನ್ನು ಹೇಳುವ ಬಿಡುವು ಸಿಕ್ಕಿತು.

ಆ ಹಸಿರು ಅಷ್ಟು ಉರಿಯುವುದಕ್ಕೆ ಪಕ್ಕದ ಗುಲಾಬಿಯೂ ಕಾರಣ. ಬಣ್ಣಚಕ್ರದಲ್ಲಿ ಎದುರುಬದಿರಾದ ಬಣ್ಣಗಳು ಚಿತ್ರದಲ್ಲಿ ಅಕ್ಕಪಕ್ಕ ಕೂತರೆ ಒಂದನ್ನೊಂದು ಹೊತ್ತಿಸುತ್ತವೆ. ಚಿತ್ರವಸ್ತ್ರ ನೇಯುವ ಕಾರ್ಖಾನೆಯ ಬಣ್ಣ ಹಾಕುವ ವಿಭಾಗದಲ್ಲಿದ್ದ ರಸಾಯನ ವಿಜ್ಞಾನಿ ಶೆವ್ರೂಲ್ 1839ರಲ್ಲೇ ಇದನ್ನು ಪುಸ್ತಕವಾಗಿ ಬರೆದಿಟ್ಟಿದ್ದ.

ಬೆಳಕು-ಕತ್ತಲೆಯ ಈ ಲೆಕ್ಕವನ್ನು ನೋಡಲು ಕೋಪನ್‌ಹೇಗನ್ನಿಗೇ ಹೋಗಬೇಕಿಲ್ಲ. ಕನಕಪುರ ರಸ್ತೆಯ ತಾತಗುಣಿ ತೋಟದಲ್ಲಿ ದಶಕಗಳ ಕಾಲ ಬಾಳಿದ ಚಿತ್ರಕಾರ ಸ್ವೆತೊಸ್ಲಾವ್ ರೋರಿಕ್ (1904–1993) ಪತ್ನಿ, ಚಿತ್ರತಾರೆ ದೇವಿಕಾ ರಾಣಿಯ ಮುಖವನ್ನು ಮತ್ತೆ ಮತ್ತೆ ಬರೆದವರು. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ಅವರ ಕೃತಿಗಳಿವೆ. ಅಲ್ಲಿ ಮುಖವೊಂದರ ಎದುರು ನಿಂತಾಗ, ಚಿತ್ರಕಾರರು ಮಾಡುವಂತೆ, ಮೊದಲು ಕಣ್ಣು ಕಿರಿದು ಮಾಡಿ ನೋಡಿ. ಬಣ್ಣ ಹಿಂದೆ ಸರಿದು ನೆರಳು-ಬೆಳಕು ಮುಂದೆ ಬರುತ್ತದೆ. ಆಮೇಲೆ ಕಣ್ಣರಳಿಸಿ.