ಪಾಂಪೆಯ ಒಲೆ

ಇಟಲಿ ದೇಶದ ನೇಪಲ್ಸ್ ನಗರಕ್ಕೆ ಹೋದ ಪ್ರವಾಸಿಗನು ಸಮೀಪದ ಪಾಂಪೆಯನ್ನು ನೋಡದೆ ಹಿಂದಿರುಗಲಾರನು. ಕ್ರಿ. ಶ. 79 ರಲ್ಲಿ ವೆಸೂವಿಯಸ್ ಎಂಬ ಅಗ್ನಿಪರ್ವತವು ಈ ರೋಮನ್ ಪಟ್ಟಣವನ್ನು ಬೂದಿಯಲ್ಲಿ ಹೂಳಿತು. 1748 ರಲ್ಲಿ ಅಗೆತವು ಮೊದಲಾಯಿತು.

ಒಳಗೆ ಕಾಲಿಟ್ಟೊಡನೆ ಕಲ್ಲುಹಾಸಿನ ಬೀದಿಗಳಲ್ಲಿ ಬಂಡಿಯ ಗಾಲಿಗಳು ಕೊರೆದ ಜಾಡುಗಳು ಕಾಣುವುವು. ಒಂದು ಮನೆಯ ಬಾಗಿಲಲ್ಲಿ ಕಲ್ಲುಚೂರುಗಳಿಂದ ನಾಯಿಯ ಚಿತ್ರವನ್ನು ರಚಿಸಿ, ‘ನಾಯಿಯಿದೆ, ಎಚ್ಚರಿಕೆ’ ಎಂದು ಲ್ಯಾಟಿನ್ ಭಾಷೆಯಲ್ಲಿ ಬರೆದಿರುವರು. ಮತ್ತೊಂದೆಡೆ ರೊಟ್ಟಿಯಂಗಡಿಯೊಂದುಂಟು; ಬೀಸುವ ಕಲ್ಲುಗಳೂ ಒಲೆಯೂ ಹಾಗೆಯೇ ನಿಂತಿರುವುವು. 1862 ರಲ್ಲಿ ಆ ಒಲೆಯನ್ನು ತೆರೆದಾಗ, ಕರಿಕಾಗಿದ್ದ 81 ದುಂಡು ರೊಟ್ಟಿಗಳು ಒಳಗಿದ್ದುವು. ಒಲೆಯಲ್ಲಿಟ್ಟವನು ತೆಗೆಯಲು ಬರಲಿಲ್ಲ.

ಪಟ್ಟಣಿಗರಿಗೆ ಓಡಿಹೋಗಲು ವೇಳೆಯೇ ಇರಲಿಲ್ಲವೆಂದಲ್ಲ. ಮೊದಲ ದಿನ ಹಗುರವಾದ ಕಲ್ಲುಗಳು ಮಳೆಯಂತೆ ಸುರಿದುವು. ಆಗಲೇ ಹೊರಟವರಲ್ಲಿ ಅನೇಕರು ಬದುಕಿದರು. ಮನೆಯೊಳಗೆ ಅಡಗಿದವರನ್ನೂ ತಡಮಾಡಿ ಹೊರಟವರನ್ನೂ ಮರುದಿನ ಸುಡುಬೂದಿಯ ಪ್ರವಾಹವು ಕೊಂದಿತು. ದೇಹಗಳು ಕ್ಷಯಿಸಿದರೂ, ಗಟ್ಟಿಗೊಂಡ ಬೂದಿಯಲ್ಲಿ ಅವುಗಳ ಆಕಾರದ ಪೊಳ್ಳುಗಳು ಉಳಿದುವು. 1863 ರಲ್ಲಿ ಫಿಯೊರೆಲ್ಲಿ ಎಂಬ ಪಂಡಿತನು ಅಂತಹ ಪೊಳ್ಳುಗಳಿಗೆ ಗಾರೆಯನ್ನು ಹೊಯ್ದು, ಸತ್ತವರ ರೂಪಗಳನ್ನು ಹೊರತೆಗೆದನು. ಕೋಟೆಗೋಡೆಯ ಬಳಿಯ ತೋಟವೊಂದರಲ್ಲಿ ಇಂತಹ 13 ರೂಪಗಳನ್ನು ಕಾಣಬಹುದು. ಅವರಲ್ಲಿ ಮಕ್ಕಳೂ ಇರುವರು.

ವಾಚಕರೇ, ಹಾಳಾದ ಅರಮನೆಗಳನ್ನು ಕಂಡವರು ಬೆರಗಾಗುವರು. ಪಾಂಪೆಯನ್ನು ಕಂಡವರಾದರೋ, ನೆರೆಮನೆಯವರನ್ನು ಕಳೆದುಕೊಂಡವರಂತೆ ಮೌನವಾಗಿ ಹಿಂದಿರುಗುವರು.