ಪ್ರೊಸೆಸರಿನ ಬಿಡುವು

ಮನೆಯ ಕಂಪ್ಯೂಟರಿನಲ್ಲಿ ಟಾಸ್ಕ್ ಮ್ಯಾನೇಜರನ್ನು ತೆರೆದು ನೋಡಿದವರಿಗೆ, ಆರು ಕೋರುಗಳದ್ದೆಂದು ಹೇಳಿ ಅಂಗಡಿಯವರು ಮಾರಿದ ಪ್ರೊಸೆಸರು ಅಲ್ಲಿ ಹನ್ನೆರಡು ಪುಟ್ಟ ಚೌಕಗಳಾಗಿ ಒಡೆದು, ಒಂದೊಂದರಲ್ಲಿಯೂ ಒಂದೊಂದು ಗೆರೆ ತನ್ನಷ್ಟಕ್ಕೆ ಏರಿಳಿಯುತ್ತಿರುವುದು ಗೋಚರವಾಗುವುದುಂಟು. ಒಂದೊಂದು ಕೋರೂ ಆಪರೇಟಿಂಗ್ ಸಿಸ್ಟಮಿಗೆ ತನ್ನನ್ನು ಎರಡೆಂದು ತೋರಿಸಿಕೊಳ್ಳುತ್ತಿದೆ. ಹಾಗಾದರೆ ಕೆಲಸವೂ ಇಮ್ಮಡಿ ವೇಗದಲ್ಲಿ ಸಾಗಬೇಕಲ್ಲವೆ ಎಂದು ಕೇಳುವುದು ಸಹಜವೇ. ಆದರೆ ಇದರ ಉತ್ತರ ಅಡಗಿರುವುದು ಪ್ರೊಸೆಸರಿನ ಬಿಡುವಿನಲ್ಲಿ.

ಸೆಕೆಂಡಿಗೆ 300 ಕೋಟಿ ಸಲ ಮಿಡಿಯುವ ಕೋರಿಗೆ ಬೇಕಾದ ಸಂಖ್ಯೆ ಹತ್ತಿರದ ಕ್ಯಾಶಿನಲ್ಲಿ ದೊರೆಯದೆ ಮುಖ್ಯ ಮೆಮೊರಿಯಿಂದ ಬರಬೇಕಾದಾಗ, ಅದು ಬಂದು ತಲಪುವಷ್ಟರಲ್ಲಿ 200ಕ್ಕೂ ಮಿಕ್ಕಿದ ಮಿಡಿತಗಳು ಬಹುಮಟ್ಟಿಗೆ ನಿಷ್ಫಲವಾಗಿ ಕಳೆದುಹೋಗುತ್ತವೆ. ಈ ವ್ಯರ್ಥಕಾಲವನ್ನು ತುಂಬಲು ಒಂದೇ ಮಿಡಿತದಲ್ಲಿ ಹಲವು ಥ್ರೆಡ್ಡುಗಳ, ಎಂದರೆ ಬೇರೆಬೇರೆ ಆದೇಶಸರಣಿಗಳ, ಆದೇಶಗಳನ್ನು ಬೆರೆಸಿ ನಡೆಸುವ ವಿಧಾನವನ್ನು 1995ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ಡೀನ್ ಟಲ್ಸನ್, ಸೂಸನ್ ಎಗರ್ಸ್ ಮತ್ತು ಹೆನ್ರಿ ಲೆವಿ ವಿಶದವಾಗಿ ಪ್ರತಿಪಾದಿಸಿದರು. 2002ರ ನವೆಂಬರಿನಲ್ಲಿ ಇಂಟೆಲ್ಲಿನ 3.06 ಗಿಗಾಹರ್ಟ್ಸಿನ ಪೆಂಟಿಯಮ್ 4ರೊಡನೆ ಅದು ಹೈಪರ್‌ಥ್ರೆಡಿಂಗ್ ಎಂಬ ಹೆಸರಿನಿಂದ ಮನೆಗಳನ್ನು ಹೊಕ್ಕಿತು. ಇಲ್ಲಿ ಇಮ್ಮಡಿಯಾಗುವುದು ಬಹಳ ಸ್ವಲ್ಪ: ಯಾವ ಆದೇಶದವರೆಗೆ ಬಂದಿದ್ದೇವೆಂಬುದರ ಗುರುತು, ರಿಜಿಸ್ಟರುಗಳು, ಇಂಥವೇ ಕೆಲವು. ಕೂಡುವ, ಗುಣಿಸುವ ಅಂಗಗಳೂ ಕ್ಯಾಶೂ ಎರಡೂ ಥ್ರೆಡ್ಡುಗಳ ಸಮಾನ ಸ್ವತ್ತು. ಚಿಪ್ಪಿನ ಗಾತ್ರ ಇದರಿಂದ ಹೆಚ್ಚಿದ್ದು ಶೇಕಡಾ 5ಕ್ಕಿಂತ ಕಡಮೆ. ಲಾಭವಾದರೋ ಶೇಕಡಾ 30ರವರೆಗೂ ಇದ್ದೀತೆಂದು ಇಂಟೆಲ್ ಹೇಳಿಕೊಂಡಿತು. ಬೀಸುವ ಕಲ್ಲಿನ ಮುಂದಿದ್ದವಳು ರಾಗಿ ತರಲೆಂದು ಎದ್ದುಹೋದಾಗ ಇನ್ನೊಬ್ಬಳು ತನ್ನ ಮೊರದ ರಾಗಿಯನ್ನು ಹಾಕಿ ಬೀಸಿಕೊಂಡರೆ ಕಲ್ಲು ನಿಲ್ಲದು. ಇಬ್ಬರ ಮೊರಗಳೂ ತುಂಬಿದ್ದರೆ, ಇರುವುದು ಒಂದೇ ಕಲ್ಲು.

ಆದಕಾರಣ ಲಾಭವೆಂಬುದು ತಂತ್ರಾಂಶದ ಸ್ವಭಾವವನ್ನು ಅವಲಂಬಿಸಿದೆ. ಕಡತಗಳನ್ನು ಕುಗ್ಗಿಸುವ ಸೆವೆನ್-ಜಿಪ್ಪಿನಂಥ ತಂತ್ರಾಂಶವು ಮೆಮೊರಿಯ ಮೂಲೆಮೂಲೆಗಳನ್ನು ತಡಕುತ್ತ ಹೆಜ್ಜೆಹೆಜ್ಜೆಗೂ ಕಾಯುವುದರಿಂದ ಎರಡನೆಯ ಥ್ರೆಡ್ಡಿಗೆ ಅಲ್ಲಿ ಧಾರಾಳವಾಗಿ ಎಡೆಯುಂಟು. ದೊಡ್ಡ ಪ್ರೋಗ್ರಾಮನ್ನು ಕಂಪೈಲ್ ಮಾಡುವಾಗಲೂ, ಬ್ಲೆಂಡರಿನಲ್ಲಿ ಚಿತ್ರವನ್ನು ರೆಂಡರ್ ಮಾಡುವಾಗಲೂ ಅನುಭವ ಹೀಗೆಯೇ. ಇದಕ್ಕೆ ವಿರುದ್ಧವಾಗಿ, ಕ್ಯಾಶಿನ ಅಳತೆಗೆ ಸರಿಯಾಗಿ ಲೆಕ್ಕವನ್ನು ತುಂಡರಿಸಿ ಒಂದು ಮಿಡಿತವನ್ನೂ ಪೋಲುಮಾಡದಂತೆ ನಿಪುಣರು ರಚಿಸಿದ ಮ್ಯಾಟ್ರಿಕ್ಸ್ ಗುಣಾಕಾರದ ಪ್ರೋಗ್ರಾಮಿಗೆ ಅದರಿಂದ ಪ್ರಯೋಜನವಿಲ್ಲವೆಂದೇ ಹೇಳಬೇಕು. ರಚನೆ ಬಿಗಿಯಾದಷ್ಟೂ ಈ ಉಪಾಯದ ಫಲ ಕುಗ್ಗುತ್ತದೆಂಬುದು ನನಗೆ ಇಡೀ ವಿಷಯದಲ್ಲಿ ಅತ್ಯಂತ ಮನೋಹರವಾಗಿ ತೋರುವ ಅಂಶ. ಕೆಲವೊಮ್ಮೆ ನಷ್ಟವೂ ಆಗುವುದುಂಟು: ಈ ವಿಧಾನವಿದ್ದ ಮೊದಲ ಪೆಂಟಿಯಮ್ 4ರಲ್ಲಿ ದತ್ತಾಂಶಕ್ಕೆ ಮೀಸಲಾದ ಅತಿ ಸಮೀಪದ ಕ್ಯಾಶು ಕೇವಲ 8 ಕಿಲೋಬೈಟಿನದಾಗಿ, ಎರಡು ಥ್ರೆಡ್ಡುಗಳು ಪರಸ್ಪರರ ಸರಕನ್ನು ಹೊರದೂಡುತ್ತಿದ್ದುದರಿಂದ ಕೆಲವು ತಂತ್ರಾಂಶಗಳು ಮೊದಲಿಗಿಂತ ನಿಧಾನವಾದವು. ಇನ್ನು ಒಂದೇ ಥ್ರೆಡ್ಡಿನಲ್ಲಿ ನಡೆಯುವ ಹಳೆಯ ಆಟಗಳಿಗೆ ಹನ್ನೆರಡು ಚೌಕಗಳಿದ್ದೂ ಉಪಯೋಗವಿಲ್ಲ.

ಎಎಂಡಿ ಕಂಪನಿ 2017ರ ರೈಜನ್‌ನಿಂದ ಈ ವಿಧಾನವನ್ನು ಅನುಸರಿಸುತ್ತ ಬಂದಿದೆ. ಅದನ್ನು ಮನೆಗಳಿಗೆ ತಂದ ಇಂಟೆಲ್ಲೇ 2024ರ ಕೋರ್ ಅಲ್ಟ್ರಾ 200ಎಸ್ ಮಾಲಿಕೆಯಲ್ಲಿ ಅದನ್ನು ಕೈಬಿಟ್ಟು, ಹೆಚ್ಚಿನ ಥ್ರೆಡ್ಡುಗಳ ಹೊರೆಯನ್ನು ಸಣ್ಣ ಕೋರುಗಳಿಗೆ ವಹಿಸಿದೆ. ತಮ್ಮ ಯಂತ್ರದಲ್ಲಿ ಇದು ಇದ್ದವರು ಅನೇಕ ವೇಳೆ ಬಯಾಸ್‌ನಲ್ಲಿ ಇದನ್ನು ನಿಲ್ಲಿಸಿ, ದಿನವೂ ಮಾಡುವ ಕೆಲಸವನ್ನೇ ಎರಡು ಬಗೆಯಲ್ಲಿಯೂ ನಡೆಸಿ ಗಡಿಯಾರ ನೋಡಿಕೊಳ್ಳಬಹುದು.